ಬೆಂಕಿ ಬಿದ್ದ ಗುಡ್ಡಕ್ಕೆ ಸಸಿ ನೆಡಬೇಕೆ?



ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಈಗ ಒಂದು ಸೂಚನೆ ಇದೆ. ಬೇಸಿಗೆಯಲ್ಲಿ ಕಾಳ್ಗಿಚ್ಚು ಹತ್ತಿ ಕಪ್ಪಾಗಿರುವ ನಮ್ಮ ಮೇಲಿನ ಹುಲ್ಲುಗುಡ್ಡಕ್ಕೆ ಈ ಮಳೆಗಾಲದಲ್ಲಿ ಸದಸ್ಯರೆಲ್ಲ ಸೇರಿ ಸಸಿ ನೆಡಬೇಕು, ಅದರ ವೆಚ್ಚವನ್ನು ಸಂಘದ ಸಾಮಾನ್ಯ ನಿಧಿಯಿಂದ ಭರಿಸಬೇಕು ಎಂಬುದೇ ಆ ಸೂಚನೆಯ ಸಾರಾಂಶ. ಸೂಚನೆ ತಂದ ಸದಸ್ಯರ ಸದುದ್ದೇಶದ ಬಗ್ಗೆ ಯಾರಿಗೂ ಅನುಮಾನವಿಲ್ಲ. ಕಣ್ಣೆದುರಿಗೆ ಕರಿಬೂದಿಯಾಗಿರುವ ಗುಡ್ಡವನ್ನು ನೋಡಿ ಸುಮ್ಮನಿರುವುದು ಮಣ್ಣನ್ನು ನಂಬಿ ಬದುಕುವವರಿಗೆ ಸಾಧ್ಯವಿಲ್ಲ. ಆದರೂ ಈ ಸೂಚನೆಯನ್ನು ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ, ಅದೇ ಹಣವನ್ನು ಯಾವುದಕ್ಕೆ ವಿನಿಯೋಗಿಸಬೇಕು ಎಂಬುದನ್ನು ಸರ್ವಸದಸ್ಯರ ಸಭೆಗೆ ಮುಂಚಿತವಾಗಿಯೇ ಈ ಪತ್ರಿಕೆಯ ಮೂಲಕ ತಮ್ಮ ಮುಂದಿಡುವುದು ಕಾರ್ಯದರ್ಶಿಯಾಗಿ ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಬೆಂಕಿ ಉರಿಯುವಾಗ ಎಲ್ಲರ ಗಮನವೂ ಅದರ ಮೇಲಿರುತ್ತದೆ. ಪತ್ರಿಕೆಯವರು ಬರುತ್ತಾರೆ, ಮಂತ್ರಿಗಳು ಬರುತ್ತಾರೆ. ಬೆಂಕಿ ಆರಿದ ಮಾರನೆಯ ದಿನ ಯಾರೂ ಇರುವುದಿಲ್ಲ. ಆದರೆ ಗುಡ್ಡದ ಭವಿಷ್ಯ ತೀರ್ಮಾನವಾಗುವುದು ಬೆಂಕಿ ಆರಿದ ದಿನದಿಂದ ಮುಂಗಾರು ಹಿಡಿಯುವವರೆಗಿನ ಆ ನೂರು ದಿನಗಳಲ್ಲಿಯೇ. ಆ ನೂರು ದಿನಗಳಲ್ಲಿ ಏನು ಮಾಡಬೇಕೆಂಬುದು ಎಷ್ಟು ಮುಖ್ಯವೋ ಏನು ಮಾಡಬಾರದೆಂಬುದೂ ಅಷ್ಟೇ ಮುಖ್ಯ.

ಬಂಡೀಪುರದಲ್ಲಿ ಆದದ್ದು

ನಮ್ಮ ರಾಜ್ಯದಲ್ಲಿ ಈಚಿನ ವರ್ಷಗಳಲ್ಲಿ ಎಲ್ಲರ ನೆನಪಿನಲ್ಲಿ ಉಳಿದಿರುವ ಕಾಳ್ಗಿಚ್ಚು 2019ರ ಫೆಬ್ರವರಿಯದು. ಆ ತಿಂಗಳ 21ರಂದು ಬಂಡೀಪುರದಲ್ಲಿ ಹೊತ್ತಿದ ಬೆಂಕಿ ಗೋಪಾಲಸ್ವಾಮಿ ಬೆಟ್ಟದ ಹುಲ್ಲಿನ ಇಳಿಜಾರುಗಳನ್ನೂ ಅದರ ಸುತ್ತಲಿನ ಎಲೆಯುದುರುವ ಕಾಡನ್ನೂ ನಾಲ್ಕೈದು ದಿನಗಳ ಕಾಲ ಸುಟ್ಟಿತು. ಕೊನೆಗೆ ವಾಯುಸೇನೆಯ ಹೆಲಿಕಾಪ್ಟರುಗಳು ಬಂದು ಆಕಾಶದಿಂದ ನೀರು ಸುರಿಯಬೇಕಾಯಿತು. ಉಪಗ್ರಹದ ಚಿತ್ರಗಳಿಂದ ಲೆಕ್ಕ ಹಾಕಿದಾಗ ಸುಟ್ಟ ಪ್ರದೇಶ ಹತ್ತು ಸಾವಿರ ಎಕರೆಗೂ ಮೀರಿತ್ತು. ಅದೇ ವಾರ, 23ರಂದು, ಬೆಂಗಳೂರಿನ ಯಲಹಂಕದ ವೈಮಾನಿಕ ಪ್ರದರ್ಶನದ ಬಳಿ ನಿಲ್ಲಿಸಿದ್ದ ಸುಮಾರು ಮುನ್ನೂರು ಕಾರುಗಳು ಬೆಂಕಿಗೆ ಆಹುತಿಯಾದವು. ಅಲ್ಲಿಯೂ ಉರಿ ಓಡಿದ್ದು ಒಣಹುಲ್ಲಿನ ಮೈದಾನದ ಮೇಲೆಯೇ. ಗಾಳಿ ಬೀಸುವ ಹೊತ್ತಿನಲ್ಲಿ ಒಣಗಿದ ಹುಲ್ಲು ಎಂಥ ಇಂಧನ ಎಂಬುದಕ್ಕೆ ಒಂದೇ ವಾರದಲ್ಲಿ ಎರಡು ಸಾಕ್ಷಿಗಳು ಸಿಕ್ಕಂತಾಯಿತು.

ಬಂಡೀಪುರದ ಬೆಂಕಿಗೆ ಸೌದೆ ಸಿದ್ಧವಾದದ್ದು ಅದರ ಹಿಂದಿನ ವರ್ಷ. 2018ರ ಮುಂಗಾರು ಆ ಭಾಗಕ್ಕೆ ಧಾರಾಳವಾಗಿ ಸುರಿದಿತ್ತು. ಮಳೆ ಹೆಚ್ಚಾದರೆ ಹುಲ್ಲು ಹೆಚ್ಚು, ಲಂಟಾನ ಪೊದೆ ಹೆಚ್ಚು. ಅದೆಲ್ಲ ಜನವರಿಯ ಹೊತ್ತಿಗೆ ಒಣಗಿ ನಿಂತರೆ ಒಂದು ಬೆಂಕಿಕಡ್ಡಿ ಸಾಕು. ಮಳೆ ಕಡಮೆಯಾದ ವರ್ಷವೇ ಬೆಂಕಿಯ ವರ್ಷವೆಂದು ನಾವು ತಿಳಿದಿರುತ್ತೇವೆ. ಮಳೆ ಚೆನ್ನಾಗಿ ಬಂದ ವರ್ಷದ ಮರು ಬೇಸಿಗೆಯೂ ಅಷ್ಟೇ ಅಪಾಯದ್ದೆಂಬುದನ್ನು ಮರೆಯಬಾರದು.

ಬೆಂಕಿ ಆರಿದ ಮೇಲೆ ನಾಡಿನ ನಾನಾ ಕಡೆಗಳಿಂದ ಕರೆಗಳು ಹೊರಟವು. ಸಸಿ ನೆಡೋಣ, ಬೀಜದುಂಡೆ ಎರಚೋಣ, ಪ್ರಾಣಿಗಳಿಗೆ ಮೇವು ನೀರು ಒಯ್ಯೋಣ ಎಂದು ಜನ ಮುಂದೆ ಬಂದರು. ಅವರ ಮರುಕ ದೊಡ್ಡದು. ಆದರೆ ಕಾಡಿಗೆ ಬೇಕಾಗಿದ್ದದ್ದು ಅದಲ್ಲ. ಬೇಸಿಗೆಯ ಮಳೆ ಬಿದ್ದ ಮೇಲೆ ಹುಲ್ಲು ತಾನಾಗಿಯೇ ಚಿಗುರಿತು. ಮತ್ತಿ, ಹೊನ್ನೆ, ದಿಂಡಿಗಗಳಂಥ ದಪ್ಪ ತೊಗಟೆಯ ಮರಗಳು ಇಂಥ ಬೆಂಕಿಯನ್ನು ತಲೆತಲಾಂತರದಿಂದ ಕಂಡವು. ಅವುಗಳ ಕಾಂಡದ ಒಳಗೆ ಜೀವ ಉಳಿದಿರುತ್ತದೆ, ಬುಡದಿಂದಲೂ ಹೊಸ ಚಿಗುರು ಒಡೆಯುತ್ತದೆ. ತೊಂದರೆಯೇನೆಂದರೆ, ಲಂಟಾನವೂ ಬುಡದಿಂದ ಅಷ್ಟೇ ಉತ್ಸಾಹದಿಂದ ಒಡೆಯುತ್ತದೆ. ಸುಟ್ಟ ಕಾಡಿಗೆ ಮನುಷ್ಯನ ಕೈ ಬೇಕಾಗಿರುವುದು ಈ ಪೊದೆಯನ್ನು ಕೀಳುವ ಕೆಲಸಕ್ಕೆ. ಆದರೆ ಸಸಿ ನೆಡುವುದಕ್ಕೆ ಬರುವವರು ನೂರು ಜನವಾದರೆ ಲಂಟಾನ ಕೀಳುವುದಕ್ಕೆ ಬರುವವರು ಹತ್ತು ಜನವೂ ಇಲ್ಲ.

ಹುಲ್ಲುಗುಡ್ಡ ಬೇರೆ, ಕಾಡು ಬೇರೆ

ನಮ್ಮ ಘಟ್ಟದ ನೆತ್ತಿಯ ಮೇಲೆ ಎರಡು ಬಗೆಯ ನೆಲ ಅಕ್ಕಪಕ್ಕದಲ್ಲಿಯೇ ಇದೆ. ಗಾಳಿಗೆ ಮೈಯೊಡ್ಡಿದ ದಿಬ್ಬಗಳ ಮೇಲೆ ಹುಲ್ಲು. ಗಾಳಿ ತಗಲದ ಕಣಿವೆಯ ಮಡಿಲುಗಳಲ್ಲಿ ಒತ್ತೊತ್ತಾಗಿ ಬೆಳೆದ ಗಿಡ್ಡಮರಗಳ ಶೋಲಾ ಕಾಡು. ಬಾಬಾಬುಡನ್‌ಗಿರಿಯಲ್ಲಿ, ಕುದುರೆಮುಖದಲ್ಲಿ, ಬ್ರಹ್ಮಗಿರಿಯಲ್ಲಿ, ಎಲ್ಲಿ ನೋಡಿದರೂ ಇದೇ ಜೋಡಣೆ. ಹುಲ್ಲಿರುವ ಜಾಗ ಮರ ಕಡಿದು ಹಾಳಾದ ಜಾಗವೆಂದು ಹಲವರು ಭಾವಿಸುತ್ತಾರೆ. ಅದು ಸರಿಯಲ್ಲ. ನೆತ್ತಿಯ ಹುಲ್ಲುಗಾವಲು ಮನುಷ್ಯನ ಕೊಡಲಿಗಿಂತ ಬಹಳ ಹಳೆಯದು. ತೋಟಕ್ಕೆ ತೋಟದ ಧರ್ಮ ಹೇಗೋ ಹುಲ್ಲಿಗೆ ಹುಲ್ಲಿನ ಧರ್ಮವಿದೆ.

ಬೆಂಕಿ ಈ ಎರಡು ನೆಲಗಳನ್ನು ಒಂದೇ ರೀತಿಯಲ್ಲಿ ಕಾಣುವುದಿಲ್ಲ. ಹುಲ್ಲಿನ ಬೆಳೆಯುವ ಮೊಳಕೆ ನೆಲದ ಮಟ್ಟದಲ್ಲಿ, ಬೇರಿನ ಬುಡದಲ್ಲಿ ಅಡಗಿರುತ್ತದೆ. ಗಾಳಿಯ ಜೊತೆಯಲ್ಲಿ ಓಡುವ ಹುಲ್ಲಿನ ಉರಿ ಒಂದೇ ಕಡೆ ನಿಲ್ಲುವುದಿಲ್ಲ. ಮೇಲೆ ಎಷ್ಟೇ ಧಗೆಯಿದ್ದರೂ ಎರಡು ಮೂರು ಅಂಗುಲ ಕೆಳಗಿನ ಮಣ್ಣು ಹೆಚ್ಚು ಕಾಯುವುದಿಲ್ಲ. ಆದ್ದರಿಂದ ಕರಿಯಾಗಿ ಕಾಣುವ ಗುಡ್ಡ ಸತ್ತ ಗುಡ್ಡವಲ್ಲ. ಹೂಮಳೆ ಬಿದ್ದ ಕೆಲವೇ ದಿನಗಳಲ್ಲಿ ಅದು ಹಸುರಾಗುತ್ತದೆ.

ಶೋಲಾದ ಮಾತು ಹಾಗಲ್ಲ. ಅಲ್ಲಿನ ಮರಗಳ ತೊಗಟೆ ತೆಳು; ಬೆಂಕಿಯನ್ನು ತಾಳಿಕೊಳ್ಳುವ ಅಭ್ಯಾಸ ಅವಕ್ಕಿಲ್ಲ. ಒಳಗಿನ ತೇವದಿಂದಾಗಿ ಸಾಮಾನ್ಯವಾಗಿ ಉರಿ ಅಂಚಿನಲ್ಲಿಯೇ ಸಾಯುತ್ತದೆ. ಆದರೆ ವರ್ಷವರ್ಷವೂ ಬೆಂಕಿ ಬಂದರೆ ಅಂಚು ಒಂದೊಂದು ಮಾರು ಹಿಂದಕ್ಕೆ ಸರಿಯುತ್ತದೆ. ಸುಟ್ಟ ಅಂಚಿನಲ್ಲಿ ಬಿಸಿಲು ಒಳಹೊಕ್ಕು ಯುಪಟೋರಿಯಂ ಮತ್ತು ಲಂಟಾನ ಕಾಲೂರುತ್ತವೆ. ಒಮ್ಮೆ ಅವು ಬಂದರೆ ಮರುವರ್ಷದ ಬೆಂಕಿಗೆ ಏಣಿ ಇಟ್ಟುಕೊಟ್ಟಂತೆಯೇ. ನೆಲದ ಮೇಲೆ ಹರಿಯುತ್ತಿದ್ದ ಉರಿ ಆ ಪೊದೆಯನ್ನು ಹತ್ತಿ ಮರದ ತಲೆಗೆ ಏರುತ್ತದೆ. ಹೀಗೆ ಹೋದ ಶೋಲಾ ನಮ್ಮ ಮಕ್ಕಳ ಕಾಲಕ್ಕೂ ಹಿಂದಿರುಗುವುದಿಲ್ಲ.

ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವುದು ಇಂಥ ಹುಲ್ಲುಗುಡ್ಡ ಮತ್ತು ಶೋಲಾಗಳ ನಡುವೆಯೇ. ಮಳೆಗಾಲದ ನೀರನ್ನು ಇಂಗಿಸಿಕೊಂಡು ಬೇಸಿಗೆಯವರೆಗೂ ಜಿನುಗಿಸುವ ಕೆಲಸವನ್ನು ಇವೆರಡೂ ಸೇರಿ ಮಾಡುತ್ತವೆ. ನಮ್ಮ ತೋಟದ ಹಳ್ಳಗಳಲ್ಲಿ ಮಾರ್ಚ್ ತಿಂಗಳಲ್ಲಿ ನೀರಿದ್ದರೆ ಅದಕ್ಕೆ ಕಾರಣ ಆ ನೆತ್ತಿ. ಕೆರೆ ತೋಡಿದ ಗುತ್ತಿಗೆದಾರನಲ್ಲ.

ನೆಟ್ಟವರು ಕಂಡ ಫಲ

ಹುಲ್ಲುಗುಡ್ಡಕ್ಕೆ ಮರ ನೆಡುವ ಪ್ರಯೋಗ ಹೊಸದೇನಲ್ಲ. ಬ್ರಿಟಿಷರ ಕಾಲದಲ್ಲಿಯೇ ನೀಲಗಿರಿಯಲ್ಲೂ ಪಳನಿ ಬೆಟ್ಟಗಳಲ್ಲೂ ಆಸ್ಟ್ರೇಲಿಯದ ವ್ಯಾಟಲ್ ಮತ್ತು ನೀಲಗಿರಿ ಮರಗಳನ್ನು ತಂದು ನೆಟ್ಟರು. ಸ್ವಾತಂತ್ರ್ಯ ಬಂದ ಮೇಲೂ ಆ ಕೆಲಸ ನಿಲ್ಲಲಿಲ್ಲ. ಅದರ ಫಲವೇನು? ಪಳನಿ ಬೆಟ್ಟಗಳಲ್ಲಿ 1973ರಿಂದ 2014ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿದ ವಿಜ್ಞಾನಿಗಳಿಗೆ ಕಂಡದ್ದು, ಹುಲ್ಲುಗಾವಲಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಾಯವಾಗಿದೆ ಎಂಬುದು. ನೆಟ್ಟ ಮರ ನೆಟ್ಟಲ್ಲಿಯೇ ನಿಲ್ಲಲಿಲ್ಲ, ತಾನಾಗಿ ಹಬ್ಬಿತು. ನಮ್ಮ ಕುದುರೆಮುಖದ ಕಡೆಯೂ ಹುಲ್ಲಿನ ಇಳಿಜಾರುಗಳಿಗೆ ಅಕೇಶಿಯಾ ನೆಟ್ಟದ್ದನ್ನು ಹಿರಿಯ ಸದಸ್ಯರು ಬಲ್ಲರು.

ವ್ಯಾಟಲ್ ಮರದ ಒಂದು ಗುಣವನ್ನು ಇಲ್ಲಿ ಹೇಳಲೇಬೇಕು. ಅದರ ಬೀಜದ ಸಿಪ್ಪೆ ಬಹಳ ಗಟ್ಟಿ. ಮಣ್ಣಿನಲ್ಲಿ ಹತ್ತಾರು ವರ್ಷ ಹಾಗೆಯೇ ಮಲಗಿರಬಲ್ಲದು. ಬೆಂಕಿಯ ಕಾವು ತಗಲಿದರೆ ಆ ಸಿಪ್ಪೆ ಬಿರಿದು ಬೀಜಗಳೆಲ್ಲ ಒಮ್ಮೆಗೇ ಮೊಳೆಯುತ್ತವೆ. ಎಂದರೆ ವ್ಯಾಟಲ್ ನೆಟ್ಟ ಗುಡ್ಡಕ್ಕೆ ಬೆಂಕಿ ಬಿದ್ದರೆ ಮೊದಲಿಗಿಂತ ಹೆಚ್ಚು ವ್ಯಾಟಲ್ ಬೆಳೆಯುತ್ತದೆಯೇ ಹೊರತು ಹುಲ್ಲು ಹಿಂದಿರುಗುವುದಿಲ್ಲ. ಜೊತೆಗೆ ಒಣಗಿದ ಎಲೆ, ಕಡ್ಡಿ, ತೊಗಟೆಗಳ ರಾಶಿಯಲ್ಲಿ ಹೊತ್ತಿದ ಬೆಂಕಿ ಹುಲ್ಲಿನ ಬೆಂಕಿಯಂತೆ ಓಡಿಹೋಗುವುದಿಲ್ಲ. ಅಲ್ಲಿಯೇ ನಿಂತು ಬೇಯಿಸುತ್ತದೆ. ಒಂದು ಬೆಂಕಿಗೆ ಮದ್ದೆಂದು ನೆಟ್ಟದ್ದು ಇನ್ನೊಂದು ದೊಡ್ಡ ಬೆಂಕಿಗೆ ಸೌದೆಯಾಗುತ್ತದೆ.

ವ್ಯಾಟಲ್ ಬೇಡ, ನೇರಳೆ, ಹಲಸು, ಹೊಂಗೆ ನೆಡೋಣ ಎಂದು ಸೂಚನೆಯ ಪರವಾಗಿ ಹೇಳಬಹುದು. ನಮ್ಮ ನಾಡಿನ ಮರವಾದ ಮಾತ್ರಕ್ಕೆ ಅದು ನೆತ್ತಿಯ ಮರವಾಗುವುದಿಲ್ಲ. ದಿಬ್ಬದ ಮೇಲಿನ ಗಾಳಿ, ಮಂಜು ಮತ್ತು ತೆಳುಮಣ್ಣಿಗೆ ಈ ಸಸಿಗಳಲ್ಲಿ ಬಹುಪಾಲು ಸಾಯುತ್ತವೆ. ಗುಂಡಿ ತೋಡಿದ್ದರಿಂದ ಹುಲ್ಲಿನ ಹೆಣಿಗೆ ಹರಿದು ಮಣ್ಣು ಮಾತ್ರ ಮಳೆಯ ಪಾಲಾಗುತ್ತದೆ. ಮರ ನೆಟ್ಟರೆ ಇಂಗಾಲ ಹಿಡಿದಿಟ್ಟಂತಾಗುತ್ತದೆ ಎಂಬ ವಾದವೂ ಈಗ ಕೇಳಿಬರುತ್ತಿದೆ. ಹುಲ್ಲುಗಾವಲು ತನ್ನ ಇಂಗಾಲವನ್ನು ಇಟ್ಟುಕೊಂಡಿರುವುದು ಮಣ್ಣಿನ ಒಳಗೆ, ಬೆಂಕಿಗೆ ಎಟುಕದ ಜಾಗದಲ್ಲಿ. ಅದನ್ನು ಅಗೆದು ಮೇಲೆ ಮರ ನಿಲ್ಲಿಸುವುದೆಂದರೆ ನೆಲಮಾಳಿಗೆಯಲ್ಲಿದ್ದ ಧಾನ್ಯವನ್ನು ಅಂಗಳದಲ್ಲಿ ರಾಶಿ ಹಾಕಿದಂತೆ.

ಬೇರೆ ನೆಲದ ಪಾಠ

ಹೊರನಾಡುಗಳ ಎರಡು ಉದಾಹರಣೆಗಳನ್ನು ಹೇಳುತ್ತೇನೆ. 1988ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಶೇಕಡಾ 36ರಷ್ಟು ಪ್ರದೇಶ ಒಂದೇ ಬೇಸಿಗೆಯಲ್ಲಿ ಬೆಂಕಿಗೆ ಸಿಕ್ಕಿತು. ಸಾವಿರಾರು ಜನ ದುಡಿದರೂ ಅದನ್ನು ನಿಜವಾಗಿ ತಣಿಸಿದ್ದು ಸೆಪ್ಟೆಂಬರಿನಲ್ಲಿ ಬಿದ್ದ ಮಳೆ ಮತ್ತು ಹಿಮ. ಉದ್ಯಾನ ಹಾಳಾಯಿತೆಂದೇ ಜನ ತಿಳಿದರು. ಅಲ್ಲಿನ ಪೈನ್ ಮರದ ಕೆಲವು ಕಾಯಿಗಳು ಅಂಟಿನಿಂದ ಮುಚ್ಚಿಕೊಂಡಿದ್ದು ಬೆಂಕಿಯ ಕಾವಿಗೆ ಮಾತ್ರ ಬಾಯ್ದೆರೆದು ಬೀಜ ಉದುರಿಸುತ್ತವೆ. ಆದ್ದರಿಂದ ಸುಟ್ಟ ಕಾಡಿನಲ್ಲಿ ದೊಡ್ಡ ಪ್ರಮಾಣದ ಸಸಿ ನೆಡುವ ಪ್ರಮೇಯವೇ ಬರಲಿಲ್ಲ. ಕಾಡು ತಾನಾಗಿಯೇ ಎದ್ದಿತು.

ಇದಕ್ಕೆ ವಿರುದ್ಧವಾದದ್ದು ಇಂಗ್ಲೆಂಡಿನ ಸ್ಯಾಡಲ್‌ವರ್ತ್ ಬಯಲು. ಅಲ್ಲಿಯವರು ಮೂರ್ ಎಂದು ಕರೆಯುವ, ಕುರುಚಲು ಪೊದೆ ಮತ್ತು ಜೌಗು ಹುಲ್ಲಿನ ಎತ್ತರದ ಬಯಲಿದು. 2018ರ ಜೂನಿನಲ್ಲಿ ಅಲ್ಲಿ ಬೆಂಕಿ ಹತ್ತಿ ಸೈನಿಕರನ್ನು ಕರೆಸಬೇಕಾಯಿತು. ಆ ನೆಲವೇ ಇಂಧನ. ಸಾವಿರಾರು ವರ್ಷ ಕೊಳೆಯದೆ ಉಳಿದ ಸಸ್ಯದ ಅವಶೇಷ ಪದರ ಪದರವಾಗಿ ಕೂಡಿ ಆದ ಪೀಟ್ ಎಂಬ ಮಣ್ಣು ಅದು. ಮೇಲಿನ ಉರಿ ಆರಿದರೂ ಒಳಗೆ ವಾರಗಟ್ಟಲೆ ಕನಲುತ್ತದೆ. ಅಂಥ ಕಡೆ ಸುಮ್ಮನಿದ್ದರೆ ನಡೆಯುವುದಿಲ್ಲ. ಹಿಂದೆ ತೋಡಿದ ಕಾಲುವೆಗಳನ್ನು ಮುಚ್ಚಿ ನೀರು ನಿಲ್ಲಿಸಬೇಕು, ನೀರು ಹಿಡಿಯುವ ಪಾಚಿಯನ್ನು ಕೈಯಿಂದ ನೆಡಬೇಕು. ಅಲ್ಲಿ ನೆಡುವುದು ಸರಿ, ಆದರೆ ನೆಡುವುದು ಪಾಚಿಯನ್ನೇ ಹೊರತು ಮರವನ್ನಲ್ಲ.

ನಾನು ಈ ಎರಡನ್ನೂ ಹೇಳಿದ್ದು ಪಾಂಡಿತ್ಯಕ್ಕಾಗಿ ಅಲ್ಲ. ಮದ್ದು ಕೊಡುವುದಕ್ಕೆ ಮುಂಚೆ ರೋಗಿಯನ್ನು ನೋಡಬೇಕೆಂಬ ಮಾತು ನೆಲಕ್ಕೂ ಅನ್ವಯಿಸುತ್ತದೆ. ಎಲೆಯುದುರುವ ಕಾಡಿಗೆ ಕಳೆ ಕೀಳುವ ಮದ್ದು, ಹುಲ್ಲುಗುಡ್ಡಕ್ಕೆ ಸುಮ್ಮನೆ ಬಿಡುವ ಮದ್ದು, ಶೋಲಾದ ಅಂಚಿಗೆ ಕಾವಲಿನ ಮದ್ದು.

ಈಗ ಮಾಡಬೇಕಾದದ್ದು

ಸುಮ್ಮನೆ ಬಿಡುವುದೆಂದರೆ ಕೈಕಟ್ಟಿ ಕೂರುವುದಲ್ಲ. ಮೊದಲನೆಯದು ದನ. ಬೆಂಕಿಯ ನಂತರದ ಎಳೆ ಚಿಗುರು ದನಗಳಿಗೆ ಬಹಳ ರುಚಿ. ಆದರೆ ಆ ಚಿಗುರು ಬೇರಿನಲ್ಲಿ ಉಳಿದ ಶಕ್ತಿಯಿಂದ ಬಂದದ್ದು. ಅದನ್ನು ಆಗಲೇ ಮೇಯಿಸಿದರೆ ಬುಡವೇ ಸೊರಗುತ್ತದೆ, ಗೊರಸಿನ ತುಳಿತಕ್ಕೆ ಮಣ್ಣು ಬಿಡುತ್ತದೆ. ಕನಿಷ್ಠ ಈ ಒಂದು ಮಳೆಗಾಲ ಸುಟ್ಟ ಗುಡ್ಡಕ್ಕೆ ದನ ಬಿಡುವುದಿಲ್ಲವೆಂದು ನಮ್ಮ ಸದಸ್ಯರೂ ಅವರ ಲೈನುಗಳಲ್ಲಿರುವವರೂ ಒಪ್ಪಬೇಕು. ಮೇವಿಲ್ಲದ ಬಡವರ ದನಗಳಿಗೆ ಆ ಅವಧಿಯಲ್ಲಿ ತೋಟದ ಹುಲ್ಲು ಕೊಯ್ಯಲು ಬಿಡುವುದು ನಮ್ಮಿಂದ ಆಗದ ಕೆಲಸವೇನಲ್ಲ.

ಎರಡನೆಯದು ಬೂದಿ ಮತ್ತು ಮಣ್ಣು. ಬೂದಿಯಲ್ಲಿ ಪೊಟ್ಯಾಷ್ ಮತ್ತು ಸುಣ್ಣದ ಅಂಶವಿದೆ. ಸಾರಜನಕ ಮಾತ್ರ ಹೊಗೆಯಲ್ಲಿ ಹೋಗಿರುತ್ತದೆ. ಮೊದಲ ಜೋರು ಮಳೆಗೆ ಈ ಬೂದಿಯೂ ಸಡಿಲ ಮಣ್ಣೂ ಸೇರಿ ಹಳ್ಳಕ್ಕೆ ಇಳಿಯುತ್ತದೆ. ನಮ್ಮ ಗಡಿಯೊಳಗಿನ ಇಳಿಜಾರುಗಳಲ್ಲಿ ಅರೆಸುಟ್ಟ ಕೊಂಬೆ, ಸೊಪ್ಪುಗಳನ್ನು ಅಡ್ಡಡ್ಡಲಾಗಿ ಹಾಸಿ ಗೂಟ ಹೊಡೆದು ಕಟ್ಟಿದರೆ ಅರ್ಧ ಮಣ್ಣು ಉಳಿಯುತ್ತದೆ. ಹಳ್ಳದ ದಂಡೆಗೆ ಇದೇ ಕೆಲಸ ಇನ್ನೂ ಅವಶ್ಯ. ಜೂನ್ ಬಂದ ಮೇಲೆ ಮಾಡುತ್ತೇವೆಂದರೆ, ಅಟ್ಟ ಮೇಲೆ ಒಲೆ ಉರಿದ ಗಾದೆಯಾಗುತ್ತದೆ.

ಮೂರನೆಯದು ಕಳೆ. ಲಂಟಾನ ಮತ್ತು ಯುಪಟೋರಿಯಂ ಚಿಗುರುಗಳನ್ನು ಮಣ್ಣು ನೆನೆದ ಕೂಡಲೇ, ಬೇರು ಗಟ್ಟಿಯಾಗುವ ಮುನ್ನ, ಬೇರುಸಹಿತ ಕೀಳಬೇಕು. ಕತ್ತರಿಸಿದರೆ ಒಂದರ ಜಾಗದಲ್ಲಿ ನಾಲ್ಕು ಬರುತ್ತವೆ. ಅರಣ್ಯ ಇಲಾಖೆಯ ಅನುಮತಿ ಪಡೆದು ಶೋಲಾದ ಅಂಚಿನಲ್ಲಿಯೂ ಇದನ್ನು ಮಾಡಬಹುದು.

ತೋಟದೊಳಕ್ಕೆ ಬೆಂಕಿ ನುಗ್ಗಿದ ಸದಸ್ಯರಿಗೆ ಒಂದೆರಡು ಮಾತು. ಎಲೆ ಸುಟ್ಟ ಮಾತ್ರಕ್ಕೆ ಕಾಫಿ ಗಿಡವನ್ನು ಕೀಳಬೇಡಿ. ಕಾಂಡದ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸುರಿದ್ದರೆ ಜೀವವಿದೆ. ಬೇರು ಚೆನ್ನಾಗಿರುವ ಗಿಡವನ್ನು ನೆಲದಿಂದ ಒಂದಡಿ ಎತ್ತರದಲ್ಲಿ ಓರೆಯಾಗಿ ಕತ್ತರಿಸಿ ಹೊಸ ಚಿಗುರು ಬಿಡಿಸಬಹುದು. ನೆರಳಿನ ಮರ ಹೋದ ಕಡೆ ಅರೇಬಿಕಾ ತೋಟದವರಿಗೆ ಇನ್ನೊಂದು ಅಪಾಯವಿದೆ. ಬಿಸಿಲು ಬಿದ್ದ ಕಾಂಡವೆಂದರೆ ಬಿಳಿ ಕಾಂಡಕೊರಕಕ್ಕೆ ಪ್ರೀತಿ. ಅದರ ದುಂಬಿ ಹೊರಡುವುದು ಏಪ್ರಿಲ್-ಮೇ ತಿಂಗಳುಗಳಲ್ಲಿ, ಮತ್ತೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಆದ್ದರಿಂದ ಈ ವರ್ಷ ಮರಗಸಿಯಲ್ಲಿ ಕೈ ಬಿಗಿಹಿಡಿದು, ಮಳೆ ಹಿಡಿದ ಕೂಡಲೇ ಹಾಲುವಾಣದ ಗೂಟಗಳನ್ನು ನೆಟ್ಟುಬಿಡಿ. ನೆಡುವ ಉತ್ಸಾಹವಿರುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಅಡಿಕೆಯಲ್ಲಿ ತಲೆಯ ಮೊಳಕೆ ಸತ್ತರೆ ಮರ ಹೋದಂತೆಯೇ. ಅದಕ್ಕೆ ಬುಡದಿಂದ ಚಿಗುರಿಲ್ಲ. ತಲೆ ಉಳಿದ ಮರಗಳ ಕಾಂಡಕ್ಕೆ ಪಡುವಣ-ತೆಂಕಣ ಬಿಸಿಲು ನೇರವಾಗಿ ಹೊಡೆಯದಂತೆ ಸೋಗೆ ಕಟ್ಟುವುದು ಅಥವಾ ಸುಣ್ಣ ಬಳಿಯುವುದು ಹಳೆಯ ಕ್ರಮ. ಅದನ್ನು ಬಿಡಬೇಡಿ.

ಬೆಂಕಿ ಇಟ್ಟವರು ಯಾರು?

ಪ್ರತಿ ಬೇಸಿಗೆಯಲ್ಲಿಯೂ ಈ ಪ್ರಶ್ನೆ ಏಳುತ್ತದೆ. ತೋಟದವರು ದನ ಕಾಯುವವರನ್ನು ತೋರಿಸುತ್ತಾರೆ, ಅವರು ಜೇನು ಕೀಳುವವರನ್ನು ತೋರಿಸುತ್ತಾರೆ, ಇಲಾಖೆಯವರು ಊರಿನವರೆಲ್ಲರನ್ನೂ ತೋರಿಸುತ್ತಾರೆ. ಫೆಬ್ರವರಿ-ಮಾರ್ಚಿಯಲ್ಲಿ ನಮ್ಮ ಕಡೆ ಸಿಡಿಲಿನಿಂದ ಕಾಡು ಹೊತ್ತುವುದು ಬಹಳ ಅಪರೂಪ. ಬಿದಿರು ಉಜ್ಜಿ ಬೆಂಕಿ ಬಂತೆಂಬುದು ಹೇಳುವುದಕ್ಕೆ ಚೆಂದ. ಬೆಂಕಿ ಬರುವುದು ಮನುಷ್ಯನ ಕೈಯಿಂದಲೇ. ಕೆಲವೊಮ್ಮೆ ಬೇಕೆಂದು, ಹಲವೊಮ್ಮೆ ಉದಾಸೀನದಿಂದ. ಒಣಗಿದ ಕಸಿ ಕಡ್ಡಿಯನ್ನು, ತರಗನ್ನು ಮಾರ್ಚಿ ತಿಂಗಳ ಮಧ್ಯಾಹ್ನ ಸುಡುವ ತೋಟ ನಮ್ಮ ಸಂಘದ ವ್ಯಾಪ್ತಿಯಲ್ಲಿ ಒಂದೂ ಇಲ್ಲವೆಂದು ಎದೆತಟ್ಟಿ ಹೇಳಬಲ್ಲೆವೇ? ಅಭಯಾರಣ್ಯದಲ್ಲಿ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನೂ ಉರಿಯಲು ಬಿಟ್ಟುಹೋಗುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸಿದೆ. ಕಾಯಿದೆ ದನಗಾಹಿಗೂ ಒಂದೇ, ನೂರು ಎಕರೆ ತೋಟದ ಯಜಮಾನನಿಗೂ ಒಂದೇ.

ಹಾಗೆಂದು ಬೆಂಕಿಯೆಲ್ಲವೂ ಪಾಪವೆನ್ನುವುದೂ ತಪ್ಪು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ವರ್ಷದ ಆರಂಭದಲ್ಲಿಯೇ, ಕಾಡು ಪೂರ್ತಿ ಒಣಗುವ ಮುನ್ನ, ತರಗು ಬೆಂಕಿ ಎಂಬ ಮೆಲ್ಲನೆಯ ಬೆಂಕಿಯನ್ನು ಹಾಕುತ್ತಿದ್ದರು. 1974ರಲ್ಲಿ ಅಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಮುಂದೆ ಲಂಟಾನ ವಿಪರೀತ ಹಬ್ಬಿತು. 1997ರಿಂದ 2008ರವರೆಗಿನ ಹನ್ನೊಂದು ವರ್ಷಗಳಲ್ಲಿ ಅದರ ಹರವು ಸುಮಾರು ಎರಡರಷ್ಟಾಯಿತೆಂದು ಅಲ್ಲಿ ಅಧ್ಯಯನ ಮಾಡಿದವರು ಹೇಳುತ್ತಾರೆ. ಮೆಲ್ಲನೆಯ ಬೆಂಕಿ ನಿಂತದ್ದೇ ಇದಕ್ಕೆ ಮುಖ್ಯ ಕಾರಣವೆಂಬುದು ಸೋಲಿಗರ ಅಭಿಪ್ರಾಯ. ಇದರಿಂದ ಯಾರೂ ನಾಳೆ ಕಡ್ಡಿ ಗೀರಲು ಅಪ್ಪಣೆ ಸಿಕ್ಕಿತೆಂದು ತಿಳಿಯಬಾರದು. ಸೋಲಿಗರಿಗೆ ಹೊತ್ತು ಗೊತ್ತಿತ್ತು, ನೆಲ ಗೊತ್ತಿತ್ತು. ನಾನು ಹೇಳುವುದಿಷ್ಟೆ: ಡಿಸೆಂಬರ್-ಜನವರಿಯಲ್ಲಿ ಇಲಾಖೆಯವರು ಬೆಂಕಿರೇಖೆ ಸುಡುವಾಗ ಊರಿನ ತಿಳಿದವರನ್ನು ಕೇಳಿ ಸುಡಲಿ, ನಮ್ಮ ಸಂಘವೂ ಆಳು ಕೊಟ್ಟು ಕೈಜೋಡಿಸಲಿ.

ಬೆಂಕಿ ನಂದಿಸುವವರ ಮಾತು

ಇಡೀ ವಿಷಯದಲ್ಲಿ ನನ್ನ ಮನಸ್ಸನ್ನು ಅತಿಯಾಗಿ ಕಾಡುವುದು ಇದು. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. 2023ರ ಫೆಬ್ರವರಿಯಲ್ಲಿ ನಮ್ಮದೇ ಕಾಫಿ ಸೀಮೆಯ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಭಾಗದಲ್ಲಿ ಬೆಂಕಿ ನಂದಿಸುವಾಗ ಸುಟ್ಟಗಾಯವಾದ ಅರಣ್ಯ ಸಿಬ್ಬಂದಿಯೊಬ್ಬರು ತೀರಿಕೊಂಡರು. 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ ಹುಲ್ಲಿನ ಇಳಿಜಾರಿನಲ್ಲಿ ಸಿಕ್ಕಿಬಿದ್ದ ಚಾರಣಿಗರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಹುಲ್ಲಿನ ಬೆಂಕಿ ಏರುಮುಖವಾಗಿ ಮನುಷ್ಯನ ಓಟಕ್ಕಿಂತ ವೇಗವಾಗಿ ಹತ್ತುತ್ತದೆ. ಉರಿಯ ಮೇಲ್ಭಾಗದಲ್ಲಿ ಎಂದೂ ನಿಲ್ಲಬಾರದು, ಹತ್ತಿ ಪಾರಾಗುತ್ತೇನೆನ್ನಬಾರದು, ಆಗಲೇ ಸುಟ್ಟು ಆರಿದ ನೆಲವೇ ಸುರಕ್ಷಿತ ನೆಲ. ಇದನ್ನು ನಮ್ಮ ಮಕ್ಕಳಿಗೂ ಆಳುಗಳಿಗೂ ಹೇಳಿಕೊಡಬೇಕು.

ನಮ್ಮ ಗುಡ್ಡಕ್ಕೆ ಬೆಂಕಿ ಬಂದಾಗ ಅದರೆದುರು ಹೋಗುವವರು ಯಾರು? ಬೇಸಿಗೆಯ ಮೂರು ತಿಂಗಳಿಗೆಂದು ತೆಗೆದುಕೊಂಡ ದಿನಗೂಲಿಯ ಕಾವಲುಗಾರರು. ಅವರು ನಮ್ಮ ಊರಿನ, ನಮ್ಮ ಲೈನುಗಳ ಹುಡುಗರೇ. ಕಾಲಿಗೆ ಹವಾಯಿ ಚಪ್ಪಲಿ, ಕೈಗೆ ಹಸಿಸೊಪ್ಪಿನ ಕಟ್ಟು. ಇಷ್ಟು ಸಲಕರಣೆಯಲ್ಲಿ ಅವರು ಕಾಯುವುದು ಕಾಡನ್ನು ಮಾತ್ರವಲ್ಲ, ಕೆಳಗಿರುವ ನಮ್ಮ ತೋಟಗಳನ್ನೂ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟ ಬೇಕೆಂದು ಉತ್ತರ ಕನ್ನಡದಲ್ಲಿ ಹಿಂದಿನವರು ಲೆಕ್ಕ ಹಾಕಿದ್ದರು. ತೋಟದ ಜೀವ ಬೆಟ್ಟದಲ್ಲಿದೆ ಎಂಬ ಅರಿವು ಆ ಲೆಕ್ಕದಲ್ಲಿದೆ. ಬೆಟ್ಟದಿಂದ ಸೊಪ್ಪು, ನೀರು ಪಡೆಯುವ ನಾವು ಬೆಟ್ಟ ಕಾಯುವವನಿಗೆ ಒಂದು ಜೊತೆ ಬೂಟು ಕೊಡಲಾರೆವೇ?

ಆದ್ದರಿಂದ ಸಸಿ ನೆಡುವ ಸೂಚನೆಯ ಬದಲಿಗೆ ನಾನು ಈ ಕೆಳಗಿನ ಸೂಚನೆಯನ್ನು ಸಭೆಯ ಮುಂದಿಡಲಿದ್ದೇನೆ. ಒಂದು, ಸಸಿಗೆಂದು ಕೇಳಿರುವ ಹಣದಿಂದ ನಮ್ಮ ವ್ಯಾಪ್ತಿಯ ಬೆಂಕಿ ಕಾವಲುಗಾರರಿಗೆ ಬೂಟು, ದಪ್ಪ ಹತ್ತಿಬಟ್ಟೆ, ನೀರಿನ ಕ್ಯಾನು, ಬೆಂಕಿ ಬಡಿಯುವ ಸಲಕರಣೆ ಕೊಡಿಸುವುದು ಮತ್ತು ಅವರ ಹೆಸರಿನಲ್ಲಿ ಅಪಘಾತ ವಿಮೆ ಮಾಡಿಸುವುದು. ಎರಡು, ಪ್ರತಿ ಗಡಿತೋಟದವರೂ ಡಿಸೆಂಬರಿನ ಒಳಗಾಗಿ ತಮ್ಮ ಮೇಲಿನ ಗಡಿಯಲ್ಲಿ ತರಗು ಗುಡಿಸಿ ಬೆಂಕಿರೇಖೆ ಮಾಡುವುದು, ಜನವರಿ ಕೊನೆಯಿಂದ ಒಳ್ಳೆಯ ಹೂಮಳೆ ಬೀಳುವವರೆಗೆ ತೋಟದಲ್ಲಿ ಏನನ್ನೂ ಸುಡದಿರುವುದು. ಮೂರು, ಬೆಂಕಿ ಕಂಡ ಕೂಡಲೇ ಸುದ್ದಿ ಮುಟ್ಟಿಸಲು ಪ್ರತಿ ಹಳ್ಳಿಗೂ ಒಬ್ಬರನ್ನು ನೇಮಿಸುವುದು. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹ ಕಂಡ ಬೆಂಕಿಯ ಸೂಚನೆಯನ್ನು ಹೆಸರು ನೋಂದಾಯಿಸಿದವರ ಮೊಬೈಲ್ ಫೋನಿಗೆ ಕಳಿಸುತ್ತದೆ. ಸಂಘದ ಹೆಸರನ್ನೂ ಅದರಲ್ಲಿ ನೋಂದಾಯಿಸೋಣ. ನಾಲ್ಕು, ಸುಟ್ಟ ಶೋಲಾದ ಅಂಚಿಗೆ ಆ ಶೋಲಾದ್ದೇ ಬೀಜದಿಂದ ಎಬ್ಬಿಸಿದ ಸಸಿ ಬೇಕೆಂದು ಇಲಾಖೆಯವರು ಕೇಳಿದರೆ, ನಮ್ಮ ಕಾಫಿ ನರ್ಸರಿಯ ಒಂದು ಮಡಿಯನ್ನು ಅದಕ್ಕೆ ಬಿಡುವುದು. ಹುಲ್ಲಿನ ದಿಬ್ಬಕ್ಕೆ ಮಾತ್ರ ಒಂದು ಸಸಿಯೂ ಬೇಡ.

ಸಸಿ ನೆಡುವುದರಲ್ಲಿ ಒಂದು ಅನುಕೂಲವಿದೆ ಎಂಬುದನ್ನು ಒಪ್ಪುತ್ತೇನೆ. ಅರ್ಧ ದಿನದಲ್ಲಿ ಮುಗಿಯುತ್ತದೆ, ಗಣ್ಯರು ಬರುತ್ತಾರೆ, ಪತ್ರಿಕೆಯಲ್ಲಿ ಭಾವಚಿತ್ರ ಬರುತ್ತದೆ. ಬೆಂಕಿರೇಖೆ ಗುಡಿಸುವವರ ಭಾವಚಿತ್ರವನ್ನು ಯಾರೂ ತೆಗೆಯುವುದಿಲ್ಲ. ಅದು ವರ್ಷವರ್ಷವೂ ಮಾಡಬೇಕಾದ, ಯಾರಿಗೂ ಕಾಣದ ಕೆಲಸ. ಆದರೆ ನಮ್ಮ ಸಂಘ ಕಟ್ಟಿದವರು ಮಾಡಿದ್ದೆಲ್ಲವೂ ಅಂಥ ಕೆಲಸವೇ ಆಗಿತ್ತಲ್ಲವೇ? ತೂಕ ಸರಿಯಾಗಿ ನೋಡುವುದು, ಲೆಕ್ಕ ಸರಿಯಾಗಿ ಬರೆಯುವುದು, ಸಾಲ ಹೊತ್ತಿಗೆ ಕೊಡುವುದು. ಯಾರೂ ಹಾರ ಹಾಕಲಿಲ್ಲ, ಆದರೂ ಸಂಘ ಉಳಿಯಿತು.

ಸದಸ್ಯರು ದಯವಿಟ್ಟು ಸಭೆಗೆ ತಪ್ಪದೆ ಬಂದು ಎರಡೂ ಸೂಚನೆಗಳನ್ನು ತೂಗಿ ನೋಡಿ ತಮ್ಮ ಅಭಿಪ್ರಾಯ ಕೊಡಬೇಕೆಂದು ಕೋರುತ್ತೇನೆ. ಬಹುಮತ ಯಾವ ಕಡೆಗೆ ಹೋದರೂ ಅದನ್ನು ಜಾರಿಗೆ ತರುವುದು ನನ್ನ ಹೊಣೆ. ಸಭೆಗೆ ಬರುವ ಮುನ್ನ, ಮಳೆ ಬಿದ್ದ ಒಂದು ವಾರದ ಮೇಲೆ, ಒಮ್ಮೆ ಆ ಗುಡ್ಡವನ್ನು ಹತ್ತಿ ಬಗ್ಗಿ ನೋಡಿ ಬನ್ನಿ. ಬೂದಿಯ ನಡುವೆ ಹುಲ್ಲು ಎದ್ದಿರುತ್ತದೆ. ತುಳಿಯದೆ ನಡೆಯಿರಿ.

— ಕಾರ್ಯದರ್ಶಿ